ಗೋಡೆಯಾಚೆ ನಿಂತು ಹಾಡುವವನು

ಕಾಕ್ಸ್ ಟೌನ್

ಅಮ್ಮ ಎಪ್ಪತ್ತು ದಾಟಿದ ಮೇಲೆ ಮೊದಲ ಸಲ ವಿಮಾನ ಹತ್ತಿದಳು. ಹತ್ತಿದವಳೇ ಗಗನಸಖಿಯ ಕೈ ಹಿಡಿದು, "ರಕ್ತ ಪರೀಕ್ಷೆ ಮಾಡಿಸ್ಕೊಮ್ಮ, ಕಣ್ಣೆಲ್ಲ ಬಿಳಿಚ್ಕೊಂಡಿದೆ" ಅಂತ ಕನ್ನಡದಲ್ಲೇ ಹೇಳಿದಳು. ಕೆ.ಆರ್. ಪುರದ ಕಡೆಯ ಒಂದು ಕಾರ್ಖಾನೆಯ ಆಸ್ಪತ್ರೆಯಲ್ಲಿ ಜೀವಮಾನವೆಲ್ಲ ನರ್ಸ್ ಆಗಿದ್ದವಳು. ಎದುರಿಗೆ ಯಾರೇ ಬಂದರೂ ಮೊದಲು ನೋಡುವುದು ಅವರ ಕಣ್ಣಿನ ಕೆಳರೆಪ್ಪೆಯನ್ನೇ.

ನಾವು ಹೊರಟಿದ್ದು ಸ್ಕಾಟ್ಲೆಂಡಿಗೆ. ಕಾಕ್ಸ್ ಟೌನಿನ ನಮ್ಮ ಕನ್ನಡ ಸಭೆಗೂ ಅಲ್ಲಿನ ಪಶ್ಚಿಮ ತೀರದ ಒಂದು ಹಳ್ಳಿಯ ಚರ್ಚಿಗೂ ಅಜ್ಜಂದಿರ ಕಾಲದ ನಂಟು. ಅಲ್ಲಿಂದ ಬಂದ ಪಾದ್ರಿಯೊಬ್ಬರು ನಮ್ಮಲ್ಲೇ ಇದ್ದು, ಕನ್ನಡ ಕಲಿತು, ಇಲ್ಲೇ ಮಣ್ಣಾದರಂತೆ. ಆ ನೆನಪಿಗೆ ಅಲ್ಲಿನವರು ನಮ್ಮ ಸ್ತ್ರೀಯರ ಕೂಟದಿಂದ ಒಬ್ಬರನ್ನು ಕರೆದಿದ್ದರು. ಸಭೆಯ ಕಮಿಟಿ ಅಮ್ಮನ, ಅಂದರೆ ಸುಗುಣಮ್ಮನ, ಹೆಸರು ಹೇಳಿತು. "ಜೊತೆಗೆ ನನ್ನ ಮಗ ಬರ್ತಾನೆ" ಅಂತ ಅಮ್ಮ ಹೇಳಿದಾಗ ಅಲ್ಲಿದ್ದವರೆಲ್ಲ ಒಂದು ಗಳಿಗೆ ಟೇಬಲ್ ನೋಡಿದರಂತೆ.

ಯಾಕೆ ಅಂತ ಹೇಳಿಬಿಡುತ್ತೇನೆ. ನನ್ನ ಹೆಸರು ಜಯಶೀಲ. ಶಿವಾಜಿನಗರದಲ್ಲಿ ಒಂದು ಕನ್ನಡಕದ ಅಂಗಡಿ ಇಟ್ಟುಕೊಂಡಿದ್ದೇನೆ. ಹಿಂದೆ ನಮ್ಮ ಚರ್ಚಿನ ಸಂಡೇ ಸ್ಕೂಲಿನಲ್ಲಿ ಪಾಠ ಹೇಳುತ್ತಿದ್ದೆ. ಆಮೇಲೆ ಮರ್ಫಿ ಟೌನಿನಲ್ಲಿ ಬಸವರಾಜನ ಜೊತೆ ಸಂಸಾರ ಹೂಡಿದೆ. ಬಸವರಾಜ ಯಾದಗಿರಿಯ ಕಡೆಯವನು. ಟೈಲ್ಸ್ ಹಾಕುವ ಕೆಲಸಕ್ಕೆ ಬಂದವನು ಈಗ ಜೋಳದ ರೊಟ್ಟಿಯ ಮೆಸ್ ನಡೆಸುತ್ತಾನೆ. ಸಂಸಾರ ಅಂದರೆ ಸಂಸಾರವೇ. ಅದಕ್ಕೆ ಬೇರೆ ಪದ ಹುಡುಕಲು ಹೋಗುವುದಿಲ್ಲ. ವಿಷಯ ತಿಳಿದ ಮೇಲೆ ಸಭೆಯಲ್ಲಿ ಯಾರೂ ನನಗೆ ಒಂದು ಕೆಟ್ಟ ಮಾತು ಆಡಲಿಲ್ಲ. "ಸ್ವಲ್ಪ ದಿನ ರೆಸ್ಟ್ ತಗೊಳ್ಳಿ ಜಯಶೀಲ" ಅಂದರು, ಅಷ್ಟೇ. ಹಬ್ಬಕ್ಕೆ ಮನೆಗೆ ಕೇಕು ಬಂತು. ಆ ರೆಸ್ಟು ಮಾತ್ರ ಮುಗಿಯಲೇ ಇಲ್ಲ. ಪ್ರತಿ ಭಾನುವಾರ ಅಮ್ಮನನ್ನು ಚರ್ಚಿನ ಗೇಟಿನ ಹತ್ತಿರ ಇಳಿಸಿ, ಎದುರಿನ ಬೇಕರಿಯ ಮುಂದೆ ಸ್ಕೂಟರಿನ ಮೇಲೆ ಕೂತು, ಆರಾಧನೆ ಮುಗಿಯುವವರೆಗೆ ಕಾಯುವುದು ನನ್ನ ಅಭ್ಯಾಸವಾಗಿತ್ತು.

ಹೊರಡುವಾಗ ಬಸವರಾಜ ಗರಿಗರಿ ಒಣಗಿದ ಕಟಿ ರೊಟ್ಟಿ, ಶೇಂಗಾ ಚಟ್ನಿಪುಡಿ ಕಟ್ಟಿಕೊಟ್ಟ. "ಅವ್ವಗ ಥಂಡಿ ಬಡಿಲಾರ್ದಂಗ ನೋಡ್ಕೊ" ಅಂದ. ಗ್ಲಾಸ್ಗೋ ವಿಮಾನ ನಿಲ್ದಾಣದಲ್ಲಿ ಒಂದು ನಾಯಿ ಬಂದು ನಮ್ಮ ಚೀಲದ ಮುಂದೆ ಕೂತುಬಿಟ್ಟಿತು. ಅಧಿಕಾರಿ ಪುಡಿಯನ್ನು ಬೆರಳಿಗೆ ಹಚ್ಚಿಕೊಂಡು ಮೂಸಿ, ನಾಲ್ಕು ಸಲ ಸೀನಿ, ಕೈಮುಗಿಯದೆ ಇದ್ದದ್ದೇ ಹೆಚ್ಚು, ನಮ್ಮನ್ನು ಹೋಗಲು ಬಿಟ್ಟ.

ಕಡಲ ಹಳ್ಳಿ

ಹಳ್ಳಿಯ ಹೆಸರು ಬರೆಯುವುದಿಲ್ಲ. ಅಲ್ಲಿನವರು ಬೇಡ ಅಂದಿದ್ದಾರೆ. ಒಂದು ಸಾಲು ಬೂದು ಮನೆಗಳು, ಒಂದು ಅಂಗಡಿ, ಆಮೇಲೆ ಕಡಲು. ನವೆಂಬರಿನ ಕೊನೆ, ಮಧ್ಯಾಹ್ನ ಮೂರೂವರೆಗೆ ಬೆಳಕು ಸೋರಿಹೋಗುತ್ತಿತ್ತು. ಹಲಸೂರಿನ ಸಂತೆ ಬೀದಿಯ ಗದ್ದಲದಲ್ಲಿ ಬೆಳೆದ ಕಿವಿಗೆ ಆ ಊರಿನ ಮೌನ ಒಂದು ಕಾಯಿಲೆಯ ಹಾಗೆ ಕೇಳಿಸಿತು. ಬೀದಿಯಲ್ಲಿ ಜನ ಎದುರಾದರೆ ತಲೆಯಾಡಿಸಿ ಹೋಗುತ್ತಿದ್ದರು. ಅವರ ಹೆಜ್ಜೆಯ ಸದ್ದು ಅವರು ಮಾಯವಾದ ಮೇಲೂ ಸ್ವಲ್ಪ ಹೊತ್ತು ಇರುತ್ತಿತ್ತು.

ನಮ್ಮನ್ನು ಮನೆಯಲ್ಲಿ ಇಟ್ಟುಕೊಂಡವಳು ಅಲ್ಲಿನ ಸಭಾಪಾಲಕಿ ಹೆಲೆನ್. ಐವತ್ತರ ಆಸುಪಾಸಿನ ಎತ್ತರದ ಹೆಂಗಸು, ಮಾತು ಕಡಿಮೆ, ಸೂಪು ಜಾಸ್ತಿ.

ಚರ್ಚು ಇದ್ದದ್ದು ಹಳ್ಳಿಯಲ್ಲಲ್ಲ, ಕಡಲಿನೊಳಗೆ ಒಂದು ಪುಟ್ಟ ದಿಬ್ಬದ ಮೇಲೆ. ನೀರು ಇಳಿದಾಗ ಮರಳಿನ ಮೇಲೆ ನಡೆದೇ ಹೋಗಬೇಕು. ದಾರಿ ತಪ್ಪದಿರಲಿ ಅಂತ ಉದ್ದಕ್ಕೂ ಮರದ ಕಂಬ ನೆಟ್ಟಿದ್ದರು. ನೀರು ಏರಿದರೆ ಕಂಬದ ತುದಿಗಳು ಮಾತ್ರ ಕಾಣುತ್ತವೆ. ಹಾಗಾಗಿ ಪ್ರತಿ ಭಾನುವಾರ ಆರಾಧನೆಯ ಹೊತ್ತು ಬೇರೆ. ಕಡಲು ಹೇಳಿದ ಹಾಗೆ ಜನ ಕೇಳುತ್ತಾರೆ. "ನಮ್ಮಲ್ಲಿ ಟ್ರಾಫಿಕ್ ಹೇಳ್ದಂಗೆ" ಅಂದಳು ಅಮ್ಮ.

ಬಂದ ಮರುದಿನವೇ ದಡದಲ್ಲಿ ನಿಂತಿದ್ದಾಗ ಅಮ್ಮ ನನ್ನ ತೋಳು ಹಿಡಿದಳು. "ಜಯ, ಯಾರೋ ಅಳ್ತಿದಾರೆ."

ನನಗೂ ಕೇಳಿಸಿತು. ಮಂಜಿನೊಳಗಿಂದ ಹೆಂಗಸರ ಗುಂಪೊಂದು ಸತ್ತವರ ಮುಂದೆ ಕೂತು ರಾಗ ಎಳೆದು ಅಳುವ ಹಾಗೆ. ಹೆಲೆನ್ ನಕ್ಕು, ಅವು ಸೀಲ್‌ಗಳು, ಬಂಡೆಯ ಮೇಲೆ ಮಲಗಿ ಕೂಗುವ ಕಡಲ ಪ್ರಾಣಿಗಳು ಅಂದಳು. ನಾವು ತಲೆಯಾಡಿಸಿದೆವು. ಆದರೆ ಹಾಗೆ ಹೇಳಿದ ಮೇಲೂ ಆ ದನಿ ಪ್ರಾಣಿಯದಾಗಲಿಲ್ಲ.

ಮೊದಲ ಭಾನುವಾರ

ಚರ್ಚಿನೊಳಗೆ ಹತ್ತು ಹನ್ನೆರಡು ಜನ, ಹೆಚ್ಚಿನವರು ಮುದುಕರು. ಹೀಟರ್ ಉರಿಯುತ್ತಿತ್ತು, ಬಾಗಿಲು ಮಾತ್ರ ಹಾರು ಹೊಡೆದಿತ್ತು. ಗಾಳಿ ನೇರ ಒಳಗೆ ನುಗ್ಗಿ ಹಾಡಿನ ಪುಸ್ತಕದ ಹಾಳೆ ತಿರುವುತ್ತಿತ್ತು. ಯಾರಾದರೂ ಮರೆತಿರಬೇಕು ಅಂತ ನಾನು ಎದ್ದು ಮುಚ್ಚಲು ಹೋದೆ. ಹಿಂದಿನ ಸಾಲಿನ ಮುದುಕರೊಬ್ಬರು ನನ್ನ ಕೋಟಿನ ಚುಂಗು ಹಿಡಿದು, ಮಾತಿಲ್ಲದೆ, ಬೇಡ ಅಂತ ತಲೆಯಾಡಿಸಿದರು.

ಹಾಡು ಶುರುವಾಯಿತು. ಅದರ ರಾಗ ಕೇಳಿ ಅಮ್ಮ ನಾನು ಮುಖ ಮುಖ ನೋಡಿಕೊಂಡೆವು. ನಮ್ಮ ಕಾಕ್ಸ್ ಟೌನಿನ ಕೀರ್ತನೆಯ ರಾಗವೇ! ಆ ಕಾಲದ ಪಾದ್ರಿ ತಂದು, ಕನ್ನಡದ ಮಾತು ಹೊಂದಿಸಿ, ನಮ್ಮ ಅಜ್ಜಿಯರ ಬಾಯಿಗೆ ಕೊಟ್ಟು ಹೋದ ರಾಗ. ಅಮ್ಮ ಕನ್ನಡದಲ್ಲೇ ಗುನುಗತೊಡಗಿದಳು.

ಎರಡನೆಯ ಚರಣಕ್ಕೆ ಇನ್ನೊಂದು ದನಿ ಸೇರಿತು. ಗಂಡಸಿನ ದನಿ, ತುಂಬ ಕೆಳಗಿನ ಸ್ವರ, ಬಾವಿಯ ತಳದಿಂದ ಬಂದಂತೆ. ಅದು ಒಳಗಿನದಲ್ಲ. ಹೊರಗೆ, ಗೋರಿಗಳ ಕಡೆಯಿಂದ, ಮಂಜಿನೊಳಗಿಂದ. ಒಳಗಿನವರು ಒಬ್ಬರೂ ತಲೆ ತಿರುಗಿಸಲಿಲ್ಲ. ಆ ದನಿಗೆ ಜಾಗ ಬಿಟ್ಟುಕೊಡುವ ಹಾಗೆ ತಮ್ಮ ದನಿ ಸ್ವಲ್ಪ ತಗ್ಗಿಸಿದರು. ಅಮ್ಮನ ಗುನುಗು ನಿಂತಿತು.

ಅವತ್ತು ಕರ್ತನ ಭೋಜನವಿತ್ತು. ರೊಟ್ಟಿ, ದ್ರಾಕ್ಷಾರಸ ಎಲ್ಲರಿಗೂ ಹಂಚಿದ ಮೇಲೆ ಹೆಲೆನ್ ಒಂದು ತುಂಡು ರೊಟ್ಟಿಯನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ, ಹೊರಗೆ ಹೋಗಿ, ಗೋರಿಗಳ ಸುತ್ತಲಿನ ಕಲ್ಲುಗೋಡೆಯ ಮೇಲೆ ಇಟ್ಟು ಬಂದಳು. ಕೊನೆಯ ಪ್ರಾರ್ಥನೆ ಮುಗಿದು ನಾವು ಹೊರಬಂದಾಗ ಬಟ್ಟೆ ಮಡಿಚಿಟ್ಟಿತ್ತು, ರೊಟ್ಟಿ ಇರಲಿಲ್ಲ. ಗೋಡೆಯ ಆಚೆ ಹೋಗಿ ನೋಡಿದೆ. ಒದ್ದೆ ಹುಲ್ಲು, ಮಂಜು, ಯಾರೂ ಇಲ್ಲ.

ನಮ್ಮ ಮರ್ಫಿ ಟೌನಿನ ಬೀದಿಯಲ್ಲಿ ಪಿತೃಪಕ್ಷದಲ್ಲಿ ಹಿರಿಯರಿಗೆ ಎಡೆ ಇಡುತ್ತಾರೆ. ಕಾಗೆ ಬಂದು ಮುಟ್ಟುವವರೆಗೆ ಕಾಯುತ್ತಾರೆ. ಅದು ನನಗೆ ಹೊಸದಲ್ಲ. ಆದರೆ ಎಡೆ ತಿಂದು ಬಟ್ಟೆ ಮಡಿಚಿಟ್ಟು ಹೋಗುವ ಹಿರಿಯರನ್ನು ನಾನು ಎಲ್ಲೂ ಕಂಡಿರಲಿಲ್ಲ.

"ಹಾಡಿದ್ದು ಯಾರು?" ಅಂತ ಊಟದಲ್ಲಿ ಹೆಲೆನ್‌ಳನ್ನು ಕೇಳಿದೆ. ಅವಳು ಸೂಪಿನ ಪಾತ್ರೆ ನೋಡುತ್ತ, "ಅದನ್ನ ನಾನು ಹೇಳೋ ಹಾಗಿಲ್ಲ. ನೋಡಬೇಡಿ, ಮಾತಾಡಬೇಡಿ ಅಂತ ಕೇಳಿಕೊಂಡಿದ್ದಾರೆ" ಅಂದಳು. ಅಂಗಡಿಯವನನ್ನು ಕೇಳಿದರೆ ಅವನು ಹವಾಮಾನದ ಮಾತು ತೆಗೆದ.

ಮೋರಾಗ್ ಅಜ್ಜಿಯ ಮನೆ

ಅಮ್ಮನನ್ನು ಸುಮ್ಮನೆ ಕೂರಿಸುವುದು ಯಾರಿಂದಲೂ ಆಗದು. ಊರಲ್ಲಿ ಕಾಯಿಲೆಯವರು ಯಾರಿದ್ದಾರೆ ಅಂತ ವಿಚಾರಿಸಿದಳು. ಮೋರಾಗ್ ಅಂತ ತೊಂಬತ್ತು ದಾಟಿದ ಅಜ್ಜಿ ಒಬ್ಬಳೇ ಇದ್ದಾಳೆ, ಗಾಲಿ ಕುರ್ಚಿ ಬಿಟ್ಟು ಏಳುವುದಿಲ್ಲ ಅಂತ ತಿಳಿಯಿತು. ದಿನಾ ಮಧ್ಯಾಹ್ನ ಅಲ್ಲಿಗೆ ಹೋಗತೊಡಗಿದಳು. ಊದಿದ ಪಾದ ಒತ್ತುತ್ತ, ತನ್ನ ಆಸ್ಪತ್ರೆಯ ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದಳು. ಆ ಅಜ್ಜಿಯ ಇಂಗ್ಲಿಷ್ ನನಗೇ ಅರ್ಧ ತಿಳಿಯುತ್ತಿರಲಿಲ್ಲ. ಅವರಿಬ್ಬರಿಗೆ ಯಾವ ತೊಂದರೆಯೂ ಆಗಲಿಲ್ಲ.

ಮೂರನೆಯ ದಿನ ಅಮ್ಮ ನೇರ ಕೇಳಿಬಿಟ್ಟಳು. "ಅಲ್ಲಿ ಗೋರಿ ಹತ್ರ ಹಾಡೋರು ಯಾರು? ಸತ್ತೋರಾ?"

ಮೋರಾಗ್ ಮೊದಲು ನಕ್ಕಳು. ಆಮೇಲೆ ನಗು ನಿಂತು ಮುಖ ಒಂದು ಥರವಾಯಿತು. "ಸತ್ತಿಲ್ಲ" ಅಂದಳು. "ಈ ಮನೆಯಿಂದ ಮೂರನೇ ಮನೆ."

ಅವಳು ಹೇಳಿದ್ದು ಇಷ್ಟು. ಅವನ ಹೆಸರು ಅಲೆಕ್. ಆ ಚರ್ಚಿನಲ್ಲಿ ಮುಂದೆ ನಿಂತು ಹಾಡು ಹೇಳಿಕೊಡುತ್ತಿದ್ದವನು. ದೋಣಿ ನಡೆಸುವ ಐವರ್ ಎಂಬುವನ ಜೊತೆ ಒಂದೇ ಮನೆಯಲ್ಲಿದ್ದ. ಬಹಳ ವರ್ಷಗಳ ಹಿಂದೆ ಒಂದು ಭಾನುವಾರ, ಆರಾಧನೆ ಮುಗಿದ ಮೇಲೆ, ಎಲ್ಲರ ಎದುರಿಗೇ ಸಭೆಯ ಹಿರಿಯರು ಕೈ ಎತ್ತಿ ತೀರ್ಮಾನ ಮಾಡಿದರು. ಅಲೆಕ್ ಇನ್ನು ಹಾಡು ಹೇಳಿಕೊಡಬಾರದು, ಕರ್ತನ ಮೇಜಿಗೆ ಬರಬಾರದು. ಅವನು ಎದ್ದು ತೆರೆದ ಬಾಗಿಲಿನಿಂದ ಹೊರಗೆ ಹೋದ. ಮುಂದಿನ ಭಾನುವಾರ ಗೋಡೆಯಾಚೆಯಿಂದ ಅವನ ದನಿ ಬಂತು. ಅವತ್ತಿನಿಂದ ನಿಂತಿಲ್ಲ.

ಕಾಲ ಬದಲಾಯಿತು. ಅವರ ಚರ್ಚಿನ ನಿಯಮವೂ ಬದಲಾಯಿತು. ಈಗ ಅಂಥವರ ಮದುವೆಯನ್ನೂ ಮಾಡಿಸುತ್ತಾರೆ. ಹೆಲೆನ್ ಆ ಊರಿಗೆ ಬಂದವಳೇ ಅಲೆಕ್‌ನ ಮನೆಗೆ ಹೋಗಿ ಕ್ಷಮೆ ಕೇಳಿದಳಂತೆ. "ನೀವು ಅವತ್ತು ಇರಲಿಲ್ಲವಲ್ಲ, ನಿಮ್ಮ ಕ್ಷಮೆ ಇಟ್ಟುಕೊಂಡು ನಾನೇನು ಮಾಡಲಿ?" ಅಂದನಂತೆ ಅವನು. ಅಂದಿನಿಂದ ಅವಳು ಮಾಡಲು ಸಾಧ್ಯವಾದದ್ದು ಎರಡೇ: ಬಾಗಿಲು ತೆರೆದಿಡುವುದು, ರೊಟ್ಟಿ ಹೊರಗೆ ಒಯ್ಯುವುದು.

"ಕೈ ಎತ್ತಿದವರೆಲ್ಲ ಹೋದರು. ಉಳಿದಿರೋಳು ನಾನೊಬ್ಬಳು" ಅಂದಳು ಮೋರಾಗ್. "ದಿನಾ ನನ್ನ ಕಿಟಕಿ ಮುಂದೆ ಹಾದು ಹೋಗ್ತಾನೆ. ನಾನು ಪರದೆ ಎಳೀತೀನಿ."

"ಕರೆದು ಹೇಳಿಬಿಡಿ" ಅಂದೆ ನಾನು.

"ಮನೆಯೊಳಗೆ ಹೇಳಿದರೆ ಅದು ಗುಟ್ಟು. ಅವನನ್ನ ಕಳಿಸಿದ್ದು ಎಲ್ಲರ ಎದುರಿಗೆ."

ಹೊರಗೆ ಬಂದ ಮೇಲೆ ಅಮ್ಮ ಬೀದಿಯಲ್ಲೇ ನಿಂತಳು. "ಕಾಲು ಒತ್ತಿದ್ರೆ ಗುಳಿ ಬೀಳ್ತಿದೆ. ಉಸಿರೂ ಸರಿ ಇಲ್ಲ. ತುಂಬ ದಿನ ಇಲ್ಲ ಕಣೋ. ಈ ಭಾನುವಾರನೇ ಕರ್ಕೊಂಡು ಹೋಗ್ಬೇಕು."

ಮರಳಿನ ಮೇಲೆ

ಭಾನುವಾರ ಹೆಲೆನ್ ಮತ್ತು ಉಳಿದವರು ಮುಂಚೆಯೇ ಹೋಗಿದ್ದರು. ಮೋರಾಗ್ ಕೋಟು ಬದಲಿಸಿ, ಮತ್ತೆ ಬದಲಿಸಿ, ನಾವು ಮೂವರು ಹೊರಡುವಾಗ ತಡವಾಯಿತು. ನಾನು ಕುರ್ಚಿ ತಳ್ಳುತ್ತಿದ್ದೆ, ಅಮ್ಮ ಪಕ್ಕದಲ್ಲಿ. ದಿಬ್ಬದ ಮೇಲೆ ಚರ್ಚು ಕಾಣುತ್ತಿತ್ತು. ಅರ್ಧ ದಾರಿಯಲ್ಲಿ ಅದು ಕಾಣದಾಯಿತು. ತಿರುಗಿ ನೋಡಿದರೆ ಹಳ್ಳಿಯೂ ಇಲ್ಲ. ಮಂಜು ಬಂದದ್ದು ನಮಗೆ ಗೊತ್ತೇ ಆಗಲಿಲ್ಲ. ಜಗತ್ತನ್ನು ಯಾರೋ ಒರೆಸಿದ ಹಾಗಿತ್ತು.

ಕಂಬ ಹುಡುಕುತ್ತ ಮುಂದೆ ಹೋದೆವು. ಒಂದು ಕಂಬ ಸಿಕ್ಕಿತು, ಮುಂದಿನದು ಸಿಗಲಿಲ್ಲ. ಸೀಲ್‌ಗಳು ಎಲ್ಲ ದಿಕ್ಕಿನಿಂದಲೂ ಅಳುತ್ತಿದ್ದವು. ಮೊಬೈಲಿಗೆ ಸಿಗ್ನಲ್ ಇರಲಿಲ್ಲ. ಅಷ್ಟರಲ್ಲಿ ಮರಳಿನ ಮೇಲೆ ಎರಡು ಗಾಲಿಯ ಗುರುತು ಕಂಡಿತು. ಪಕ್ಕದಲ್ಲಿ ಹೆಜ್ಜೆಗಳು.

"ಸದ್ಯ, ಯಾರೋ ನಮಗಿಂತ ಮುಂಚೆ ಹೋಗಿದಾರೆ" ಅಂದೆ.

ಅಮ್ಮ ಬಗ್ಗಿ ನೋಡಿದಳು. ಒಂದು ಜೊತೆ ಹೆಜ್ಜೆ ಚಿಕ್ಕದು, ಬಲಗಾಲು ಸ್ವಲ್ಪ ಎಳೆದದ್ದು. ಅಮ್ಮ ನಡೆಯುವುದೇ ಹಾಗೆ. "ಇದು ನಮ್ಮದೇ ಕಣೋ" ಅಂದಳು. ನಮ್ಮ ಗುರುತಿನೊಳಗೆ ನೀರು ನಿಧಾನವಾಗಿ ತುಂಬುತ್ತಿತ್ತು. ಎಲ್ಲಿಂದ ತುಂಬುತ್ತಿದೆ ಅಂತ ಕಾಣುತ್ತಿರಲಿಲ್ಲ.

ಕೂಗಿದೆ. ನನ್ನ ಕೂಗು ಹತ್ತಿ ಮೂಟೆಗೆ ಹೊಡೆದಂತೆ ಅಲ್ಲೇ ಬಿತ್ತು. ಮೋರಾಗ್ ಕಣ್ಣು ಮುಚ್ಚಿಕೊಂಡಿದ್ದಳು. ಆಗ ಅಮ್ಮ ಹಾಡತೊಡಗಿದಳು. ಅದೇ ಕೀರ್ತನೆ, ಕನ್ನಡದಲ್ಲಿ. ನಡುಗುವ, ಶ್ರುತಿ ಬಿಟ್ಟ ಮುದಿ ದನಿ. ಒಂದು ಚರಣ ಮುಗಿಯಿತು. ಎರಡನೆಯದು ಹಿಡಿದಳು.

ಬಲಗಡೆಯಿಂದ ಆ ಕೆಳಸ್ವರ ಬಂತು.

ಅವನ ಮಾತು ಬೇರೆ, ನಮ್ಮ ಮಾತು ಬೇರೆ, ರಾಗ ಒಂದೇ. ಅಮ್ಮ ನಿಲ್ಲಿಸಿದರೆ ಅವನು ನಿಲ್ಲಿಸಿ ಕಾಯುತ್ತಿದ್ದ, ಅವಳು ಹಿಡಿದರೆ ಹಿಡಿಯುತ್ತಿದ್ದ. ಆ ದನಿಯ ಕಡೆಗೆ ಕುರ್ಚಿ ತಳ್ಳಿದೆ. ಮೆತ್ತಗಿನ ಮರಳು ಗಟ್ಟಿಯಾಯಿತು. ಕಂಬ ಕಂಡಿತು. ಕಂಬದ ಪಕ್ಕದಲ್ಲಿ ಮಂಜಿನೊಳಗೆ ಇನ್ನೊಂದು ಕಂಬದಂತೆ ಒಬ್ಬ ಮನುಷ್ಯ ನಿಂತಿದ್ದ. ಎತ್ತರದ ಮುದುಕ, ಮೊಣಕಾಲಿನವರೆಗೆ ಒದ್ದೆ. ಕುರ್ಚಿಯಲ್ಲಿ ಯಾರಿದ್ದಾರೆ ಅಂತ ನೋಡಿದ ಕೂಡಲೇ ಅವನ ಬಾಯಿ ಮುಚ್ಚಿತು.

ಮೋರಾಗ್ ಕಣ್ಣು ಬಿಟ್ಟಳು. "ಅಲೆಕ್, ನನ್ನನ್ನ ಒಳಗೆ ಕರ್ಕೊಂಡು ಹೋಗು. ಅಲ್ಲಿ ಹೇಳೋದಿದೆ."

ಅವನು ನನ್ನ ಕೈಯಿಂದ ಕುರ್ಚಿ ತೆಗೆದುಕೊಂಡು ತಳ್ಳತೊಡಗಿದ.

ಚರ್ಚಿನ ಬಾಗಿಲಿನಲ್ಲಿ ಎರಡು ಎತ್ತರದ ಕಲ್ಲು ಮೆಟ್ಟಿಲು. ಅಲೆಕ್ ಅಲ್ಲಿ ನಿಂತ. ಒಳಗಿನವರು ಈ ಸಲ ತಿರುಗಿ ನೋಡಿದರು. ಮೋರಾಗ್ ಕುರ್ಚಿಯ ಕೈ ಹಿಡಿದು ಮುಂದಕ್ಕೆ ಬಾಗಿದಳು. ದನಿ ಸಣ್ಣಗಿತ್ತು, ಆದರೆ ಅಷ್ಟೂ ಜನಕ್ಕೆ ಕೇಳಿಸಿತು.

"ಅವತ್ತು ಇಲ್ಲೇ ಕೂತು ನಾನು ಕೈ ಎತ್ತಿದೆ. ಎಲ್ಲರಿಗಿಂತ ಮೊದಲು ಎತ್ತಿದವಳು ನಾನೇ. ತಪ್ಪು ಮಾಡಿದೆ ಅಲೆಕ್. ದೇವರ ಹೆಸರು ಹೇಳಿ ಮಾಡಿದೆ, ಅದು ಇನ್ನೂ ದೊಡ್ಡ ತಪ್ಪು."

ಸೀಲ್‌ಗಳು ಕೂಡ ಸುಮ್ಮನಿದ್ದವು. ಅಲೆಕ್ ಗೋಡೆಯ ಕಡೆ ನೋಡಿದ, ತಾನು ನಿಲ್ಲುವ ಜಾಗದ ಕಡೆ. ಅವನು ಅಲ್ಲಿಗೇ ಹೋಗುತ್ತಾನೆ ಅಂದುಕೊಂಡೆ. ಅವನು ನನಗೆ, "ಮುಂದೆ ಹಿಡ್ಕೊ" ಅಂದ. ನಾನು ಮುಂದಿನಿಂದ, ಅವನು ಹಿಂದಿನಿಂದ, ಕುರ್ಚಿ ಎತ್ತಿದೆವು. ಒಂದು ಮೆಟ್ಟಿಲು, ಇನ್ನೊಂದು. ಕುರ್ಚಿ ಒಳಗೆ ಇಳಿಸಿದ ಮೇಲೆ ಅವನು ತನ್ನ ಬೂಟುಗಳನ್ನು ನೋಡಿಕೊಂಡ. ಅವು ಹೊಸ್ತಿಲಿನ ಒಳಗಡೆ ಇದ್ದವು. ಆ ಕ್ಷಣ ಯಾರಾದರೂ ಚಪ್ಪಾಳೆ ತಟ್ಟಿದ್ದರೆ ಹೊರಟೇಬಿಡುತ್ತಿದ್ದನೇನೋ. ಅವನು ತಿರುಗಿ, ಎರಡೂ ಕೈಯಿಂದ, ಬಾಗಿಲು ಮುಚ್ಚಿದ.

"ಚಳಿ" ಅಂದ.

ಅವತ್ತು ಆ ದನಿ ಒಳಗಿನಿಂದ ಬಂತು. ಸಣ್ಣ ಚರ್ಚು, ನನ್ನ ಕೆಳಗಿನ ಬೆಂಚು ನಡುಗಿತು. ನನಗೆ ಸಂತೋಷವಾಗಬೇಕಿತ್ತು, ಆಯಿತು ಕೂಡ. ಆದರೆ ಹಾಡಿನ ನಡುವೆ ನಾನು ಮತ್ತೆ ಮತ್ತೆ ಹೊರಗೆ ಕಿವಿಗೊಡುತ್ತಿದ್ದೆ. ಅಷ್ಟು ವರ್ಷ ದನಿ ಇದ್ದ ಜಾಗದಲ್ಲಿ ಈಗ ಏನೂ ಇಲ್ಲ ಅನ್ನುವುದು ಮೈ ಜುಮ್ಮೆನ್ನಿಸುತ್ತಿತ್ತು.

ರೈಲಿನಲ್ಲಿ

ಗ್ಲಾಸ್ಗೋಗೆ ವಾಪಸಾಗುವ ರೈಲಿನಲ್ಲಿ ಅಮ್ಮ ಬಹಳ ಹೊತ್ತು ಕಿಟಕಿಯ ಕಡೆ ತಿರುಗಿ ಕೂತಿದ್ದಳು. ಗಾಜಿನಲ್ಲಿ ಕಾಣುತ್ತಿದ್ದದ್ದು ಅವಳ ಮುಖವೇ. ಅದಕ್ಕೇ ಹೇಳುವಂತೆ ಹೇಳಿದಳು.

"ನಿಂಗೆ ರೆಸ್ಟ್ ತಗೊಳ್ಳಿ ಅಂತ ಹೇಳಬೇಕು ಅಂತ ತೀರ್ಮಾನ ಆದ ಮೀಟಿಂಗ್‌ನಲ್ಲಿ ನಾನೂ ಇದ್ದೆ ಜಯ. ಸ್ತ್ರೀಯರ ಕೂಟದ ಪರವಾಗಿ ಕೂತಿದ್ದೆ. ಸುಗುಣಮ್ಮ, ನೀವೇನಂತೀರಿ ಅಂದ್ರು. ನಾನು ಸುಮ್ನಿದ್ದೆ."

ನನಗೆ ಇದು ಗೊತ್ತಿರಲಿಲ್ಲ. ದೊಡ್ಡ ಮನಸ್ಸು ಮಾಡಿ ಕ್ಷಮಿಸಿದೆ ಅಂತ ಬರೆಯಬಹುದು, ಸುಳ್ಳಾಗುತ್ತದೆ. ಕೋಪ ಬಂತು. ಎದ್ದು ಇನ್ನೊಂದು ಬೋಗಿಗೆ ಹೋಗಿ ನಿಂತೆ. ಹೊರಗೆ ಯಾರೂ ಇಲ್ಲದ ಸ್ಟೇಷನ್ನುಗಳಲ್ಲಿ ರೈಲು ನಿಂತು, ಯಾರೂ ಹತ್ತದೆ, ಹೊರಡುತ್ತಿತ್ತು. ಗ್ಲಾಸ್ಗೋ ಹತ್ತಿರವಾದಾಗ ವಾಪಸು ಬಂದೆ. ಅಮ್ಮ ರೊಟ್ಟಿ ಮುರಿದು ಚಟ್ನಿಪುಡಿ ಹಚ್ಚಿ ನನಗೆ ಅಂತ ಇಟ್ಟಿದ್ದಳು. ತಿಂದೆ. ಮಾತಾಡಲಿಲ್ಲ.

ಮತ್ತೆ ಕಾಕ್ಸ್ ಟೌನ್

ಬಂದ ಮೇಲಿನ ಭಾನುವಾರ ಆರಾಧನೆಯ ಕೊನೆಗೆ ಅಮ್ಮ ಪ್ರವಾಸದ ವರದಿ ಕೊಡಬೇಕಿತ್ತು. "ನೀವಿಬ್ರೂ ಒಳಗೆ ಬನ್ನಿ" ಅಂದಳು. ಬಸವರಾಜ ಮೆಸ್ ಮುಚ್ಚಿ, ಇಸ್ತ್ರಿ ಅಂಗಿ ಹಾಕಿಕೊಂಡು ಬಂದ. ಒಳಗೆ ಹೋಗುವಾಗ ಅವನು ಚಪ್ಪಲಿ ಬಿಡಲು ಹೊರಟ. ಇಲ್ಲಿ ಬೇಡ ಅಂದೆ. ಇಬ್ಬರೂ ಹಿಂದೆ ಗೋಡೆಗೆ ಒರಗಿ ನಿಂತೆವು.

ಅಮ್ಮ ಮೈಕಿನ ಮುಂದೆ ಕಡಲಿನ ಬಗ್ಗೆ ಹೇಳಿದಳು, ಮಂಜಿನ ಬಗ್ಗೆ, ಅಲೆಕ್‌ನ ಬಗ್ಗೆ ಹೇಳಿದಳು. ಜನ ಕಣ್ಣು ಕೀಲಿಸಿ ಕೇಳಿದರು; ಅದು ದೂರದ ದೇಶದ ಕಥೆ. ಆಮೇಲೆ ಅವಳು ನಮ್ಮ ಕಡೆ ಕೈ ತೋರಿಸಿದಳು.

"ಅಲ್ಲಿ ನಿಂತಿರೋನು ನನ್ನ ಮಗ. ಪಕ್ಕದಲ್ಲಿರೋನು ಬಸವರಾಜ, ನನ್ನ ಮಗನ ಜೊತೆ ಸಂಸಾರ ಮಾಡ್ತಿರೋನು. ನನ್ನ ಮನೆಯವನು. ಇದೇ ಸಭೆ ನನ್ನ ಮಗನ್ನ ದೂರ ಇಟ್ಟಾಗ ನಾನು ಬಾಯಿ ಬಿಡಲಿಲ್ಲ. ಅವತ್ತು ಮಾತಾಡ್ಬೇಕಿತ್ತು. ಇವತ್ತು ಮಾತಾಡ್ತಿದೀನಿ. ನಂದು ತಪ್ಪು. ನಮ್ಮೆಲ್ಲರದ್ದೂ."

ಫ್ಯಾನುಗಳು ತಿರುಗುತ್ತಿದ್ದವು, ಸದ್ದಿರಲಿಲ್ಲ. ಹೊರಗಿನ ರಸ್ತೆಯಲ್ಲಿ ಒಂದು ಆಟೋ ಕೂಡ ಹೋಗಲಿಲ್ಲ. ಇನ್ನೂರು ಜನ ಕೂತ ಆ ಚರ್ಚು ಖಾಲಿ ಇದ್ದ ಹಾಗೆ ಕಂಡಿತು. ಸಾಲು ಸಾಲು ಬೆನ್ನುಗಳು, ಒಂದೂ ತಿರುಗಲಿಲ್ಲ. ಸಭಾಪಾಲಕರು ತಮ್ಮ ಕೈ ನೋಡುತ್ತಿದ್ದರು. ಮುಂದಿನ ಸಾಲಿನಲ್ಲಿ ಕಮಿಟಿಯ ಒಬ್ಬರು ಎದ್ದು, ಹೆಂಡತಿಯನ್ನು ಎಬ್ಬಿಸಿ, ಪಕ್ಕದ ಬಾಗಿಲಿನಿಂದ ಹೋದರು. ಇನ್ನೊಂದು ಕುಟುಂಬ ಹಿಂಬಾಲಿಸಿತು. ಅಮ್ಮ ಮೈಕು ಹಿಡಿದೇ ನಿಂತಿದ್ದಳು.

ನಡುವಿನ ಸಾಲಿನಲ್ಲಿ ಒಬ್ಬರು ಹೆಂಗಸು ಬೆಂಚಿನ ಮೇಲಿದ್ದ ತನ್ನ ಬ್ಯಾಗು, ಕೊಡೆ, ನೀರಿನ ಬಾಟಲಿ ಒಂದೊಂದಾಗಿ ಎತ್ತಿ ಕೆಳಗಿಟ್ಟರು. ತಿರುಗಿ ನೋಡಲಿಲ್ಲ. "ಯಾಕ್ರೀ ನಿಂತೀರಾ, ಇಲ್ಲಿ ಜಾಗ ಇದೆ" ಅಂತ ಗಟ್ಟಿಯಾಗಿ ಹೇಳಿದರು.

ನಾವು ಹೋಗಿ ಕೂತೆವು. ಅಮ್ಮ ಇಳಿದು ಬಂದು ನಮ್ಮಿಬ್ಬರ ನಡುವೆ ತೂರಿಕೊಂಡಳು. ಸಭಾಪಾಲಕರು ಗಂಟಲು ಸರಿಮಾಡಿಕೊಂಡು, ಹೆಚ್ಚು ಮಾತಿಲ್ಲದೆ, ಕೊನೆಯ ಹಾಡಿನ ಸಂಖ್ಯೆ ಹೇಳಿದರು. ಬೆಂಚುಗಳು ಕಿರುಗುಟ್ಟಿದವು.

ಬಸವರಾಜ ಅಮ್ಮನ ಕಿವಿಯ ಹತ್ತಿರ ಬಗ್ಗಿದ. "ಈಗ ಏಳ್ಬೇಕೇನ್ರಿ ಅವ್ವಾ?"

"ಏಳಪ್ಪ" ಅಂದಳು ಅಮ್ಮ, ಅವನ ಮೊಣಕೈ ಹಿಡಿದುಕೊಂಡು ತಾನೂ ಎದ್ದಳು.